ಓದುಗರ ಪ್ರಶ್ನೆ: ಚುಕ್ಕೆ ಇದ್ದರೇನು, ಇಲ್ಲದಿದ್ದರೇನು?

ಪ್ರಶ್ನೆ: ಟಿವಿ ಹಾಕಿದರೆ ಸದನದಲ್ಲಿ ಬರೀ ಗಲಾಟೆ. ನಮ್ಮ ಶಾಸಕರನ್ನು ಕೇಳಿದರೆ ‘ಕೆರೆ ಬಗ್ಗೆ ಚುಕ್ಕೆ ಗುರುತಿನ ಪ್ರಶ್ನೆ ಹಾಕಿದ್ದೀನಿ’ ಅಂತಾರೆ. ಏನು ಸಾರ್ ಈ ಚುಕ್ಕೆ? ಅದರಿಂದ ನಮಗೇನು ಉಪಯೋಗ?
– ಒಬ್ಬ ರೈತ, ಗುಬ್ಬಿ

ಉತ್ತರ: ಪಟ್ಟಿಯಲ್ಲಿ ಪ್ರಶ್ನೆಗೆ ಹಾಕುವ ನಕ್ಷತ್ರದ ಗುರುತೇ (*) ಈ ಚುಕ್ಕೆ. ಅದು ಇದ್ದರೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕು. ಇಲ್ಲದಿದ್ದರೆ ಬರೆದು ಕೊಟ್ಟರೆ ಸಾಕು. ಉದಾಹರಣೆಗೆ, ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, ಚುಕ್ಕೆ ಇಲ್ಲದವು 230. ಕೇಳುವವರು ಜಾಸ್ತಿ ಇರುವುದರಿಂದ ಚೀಟಿ ಎತ್ತಿ ಆರಿಸುತ್ತಾರೆ. ಅಲ್ಲಿ ಬೆಳಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ. ಅಷ್ಟರಲ್ಲಿ ಇಪ್ಪತ್ತೂ ಮುಗಿಯುವುದು ಅಪರೂಪ.

ಚುಕ್ಕೆಯ ನಿಜವಾದ ಲಾಭ ಇರುವುದು ಉಪಪ್ರಶ್ನೆಯಲ್ಲಿ, ಅಂದರೆ ಉತ್ತರ ಬಂದ ಮೇಲೆ ಅಲ್ಲೇ ಎದ್ದು ಕೇಳುವ ಮರುಪ್ರಶ್ನೆಯಲ್ಲಿ. ಮೊದಲ ಉತ್ತರ ಅಧಿಕಾರಿಗಳು ಬರೆದುಕೊಟ್ಟಿದ್ದು. ಅದನ್ನು ಯಾರು ಬೇಕಾದರೂ ಓದಬಹುದು. ‘ಹಾಗಾದರೆ ಆ ದುಡ್ಡು ಎಲ್ಲಿ ಹೋಯಿತು?’ ಅಂತ ಸದಸ್ಯರು ಮತ್ತೆ ಎದ್ದಾಗ ನೋಡಬೇಕು ಮಜಾ. ವಿಧಾನಸೌಧದ ಪತ್ರಕರ್ತರ ಗ್ಯಾಲರಿಯಲ್ಲಿ ಕೂತು ಇದನ್ನು ಬಹಳ ನೋಡಿದ್ದೇನೆ. ಸಚಿವರ ಕಣ್ಣು ಮೆಲ್ಲಗೆ ಅಧಿಕಾರಿಗಳ ಗ್ಯಾಲರಿ ಕಡೆ ಹೋಗುತ್ತದೆ. ಅಲ್ಲಿಂದ ಒಂದು ಚೀಟಿ ಹೊರಡುತ್ತದೆ. ಅದು ಕೈಗೆ ಬರುವ ತನಕ ಸಚಿವರು ‘ಮಾನ್ಯ ಸದಸ್ಯರು ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದಾರೆ’ ಅಂತ ಎಳೆಯುತ್ತಿರುತ್ತಾರೆ!

ಪ್ರಶ್ನೆಯಿಂದ ಏನಾಗುತ್ತೆ ಅನ್ನಬೇಡಿ. ಎಲ್‌ಐಸಿ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹಾಕಿ ಉದ್ಯಮಿ ಮುಂದ್ರಾ ಕಂಪನಿಗಳ ಷೇರು ಕೊಂಡಿದ್ದು 1957ರಲ್ಲಿ ಲೋಕಸಭೆಯ ಪ್ರಶ್ನೆಯಾಯಿತು. ಉತ್ತರ ಜಾರಿಕೊಳ್ಳುವಂತಿತ್ತು. ಆ ಡಿಸೆಂಬರ್‌ನಲ್ಲಿ ಅದನ್ನು ಹಿಡಿದು ಜಗ್ಗಿದವರು ಫಿರೋಜ್ ಗಾಂಧಿ. ಆಳುವ ಪಕ್ಷದವರೇ, ಮೇಲಾಗಿ ಪ್ರಧಾನಿ ನೆಹರೂ ಅವರ ಅಳಿಯ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗದ ವಿಚಾರಣೆ ನಡೆದು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸ್ವಂತ ಪಕ್ಷದ ಸರ್ಕಾರವನ್ನು ಹಾಗೆ ಕೇಳುವವರು ಈಗ ಎಷ್ಟು ಜನ ಇದ್ದಾರೆ ಅನ್ನೋದು ಬೇರೆ ಮಾತು.

ನಿಮ್ಮ ಕೆರೆ ವಿಷಯಕ್ಕೆ ಬರೋಣ. ಶಾಸಕರ ಹತ್ತಿರ ಉತ್ತರದ ಪ್ರತಿ ಕೇಳಿ ಪಡೆಯಿರಿ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಅ, ಆ, ಇ ಅಂತ ಸಾಲಾಗಿ ಇರುತ್ತದೆ. (ಅ) ‘ಕೆರೆಯಲ್ಲಿ ಹೂಳು ತುಂಬಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎದುರಿಗೆ ‘ಬಂದಿದೆ’. (ಆ) ‘ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಎದುರಿಗೆ ‘ಅನುದಾನದ ಲಭ್ಯತೆ ಆಧರಿಸಿ ಕ್ರಮ ಕೈಗೊಳ್ಳಲಾಗುವುದು’. ಅಂದರೆ ಸದ್ಯಕ್ಕೆ ಏನೂ ಇಲ್ಲ ಅಂತ ಅರ್ಥ. ಆದರೂ ಹಾಳೆ ಎಸೆಯಬೇಡಿ. ಹೂಳಿರುವುದು ಸರ್ಕಾರಕ್ಕೆ ಗೊತ್ತು ಅಂತ ಸಚಿವರ ಸಹಿಯಲ್ಲೇ ದಾಖಲೆಯಾಗಿದೆ ಅಲ್ವಾ? ನಾಳೆ ಯಾವ ಕಚೇರಿಯಲ್ಲೂ ‘ನಮ್ಮ ಗಮನಕ್ಕೆ ಬಂದಿಲ್ಲ’ ಅನ್ನೋ ಹಾಗಿಲ್ಲ. ಕೂಗಾಟದ ಸುದ್ದಿ ಸಂಜೆಗೆ ಹಳೆಯದಾಗುತ್ತದೆ. ನನ್ನ ಕೇಳಿದರೆ, ಚುಕ್ಕೆ ಇಲ್ಲದ ಪ್ರಶ್ನೆಯ ಉತ್ತರವೇ ಹಳ್ಳಿಯವರಿಗೆ ಜಾಸ್ತಿ ಕೆಲಸಕ್ಕೆ ಬರುವಂಥದ್ದು.

ಪ್ರಶ್ನೆ: ಲೋಕಸಭೆಯ ಪ್ರಶ್ನೆ ಪಟ್ಟಿಯಲ್ಲಿ ನಮ್ಮ ಸಂಸದರ ಹೆಸರೇ ಕಾಣಲ್ಲ. ಸುಮ್ನೆ ಕೂತಿದ್ದಾರಾ?
– ಕಾಲೇಜು ವಿದ್ಯಾರ್ಥಿನಿ, ತುಮಕೂರು

ಉತ್ತರ: ಇಲ್ಲಮ್ಮ. ನಿಮ್ಮ ಸಂಸದ ವಿ. ಸೋಮಣ್ಣ 2024ರ ಜೂನ್‌ನಲ್ಲಿ ಜಲಶಕ್ತಿ ಮತ್ತು ರೈಲ್ವೆ ರಾಜ್ಯ ಸಚಿವರಾದರು. ಸಚಿವರಾದವರು ಪ್ರಶ್ನೆ ಕೇಳುವ ಹಾಗಿಲ್ಲ, ಉತ್ತರ ಕೊಡುವ ಕಡೆ ಇರುತ್ತಾರೆ. ತುಮಕೂರಿನ ರೈಲಿನ ಬಗ್ಗೆ ಬೇರೆ ಊರಿನ ಸಂಸದರು ಕೇಳಬೇಕು!

ಪ್ರಶ್ನೆ: ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ ನಮ್ಮ ಕೆರೆಗೆ ಬಿಡುವ ಎಚ್.ಎನ್. ವ್ಯಾಲಿ (ಹೆಬ್ಬಾಳ–ನಾಗವಾರ ಕಣಿವೆ) ನೀರಿನ ಶುದ್ಧೀಕರಣದ ಬಗ್ಗೆ ಲೋಕಸಭೆಯಲ್ಲಿ ಕೇಳಿಸಬಹುದೇ?
– ನಿವೃತ್ತ ಶಿಕ್ಷಕರು, ಚಿಕ್ಕಬಳ್ಳಾಪುರ

ಉತ್ತರ: ಕಷ್ಟ ಮೇಷ್ಟ್ರೇ. ಮುಖ್ಯವಾಗಿ ರಾಜ್ಯಕ್ಕೆ ಸೇರಿದ ವಿಷಯವನ್ನು ಲೋಕಸಭೆಯ ನಿಯಮ ಒಪ್ಪುವುದಿಲ್ಲ. ಇದನ್ನು ಶಾಸಕರಿಗೋ ವಿಧಾನ ಪರಿಷತ್ ಸದಸ್ಯರಿಗೋ ಕೊಡಿ. ಕೊಳವೆಬಾವಿಯ ಫ್ಲೋರೈಡ್ ಬಗ್ಗೆ ಕೇಂದ್ರದ ಅಂತರ್ಜಲ ಮಂಡಳಿ ಏನು ಹೇಳುತ್ತದೆ ಅಂತಾದರೆ ದೆಹಲಿಯಲ್ಲೂ ಕೇಳಿಸಬಹುದು. ಅಲ್ಲಿ ಕನಿಷ್ಠ 15 ದಿನ ಮೊದಲೇ ಸೂಚನೆ ಕೊಡಬೇಕು, ಅಧಿವೇಶನ ಶುರುವಾದ ಮೇಲೆ ಓಡಾಡಿದರೆ ಆಗಲ್ಲ. ಬರೆದುಕೊಡುವಾಗ ಊರಿನ ಹೆಸರು, ಕೆರೆ ಹೆಸರು, ವರ್ಷ ಹಾಕಿ. ‘ಕ್ರಮಗಳೇನು?’ ಅಂತ ಬಿಡಬೇಡಿ. ‘ಯಾವ ತಿಂಗಳೊಳಗೆ?’ ಅಂತ (ಇ)ನಲ್ಲಿ ಸೇರಿಸಿ.