ಹೊರದೇಶದಿಂದ ಬೆಂಗಳೂರಿಗೆ ವಾಪಸ್: ಮನೆ ಆರಾಮಾಗಿ ನಡೆಯಲು ತಿಂಗಳಿಗೆ ಎಷ್ಟು ಬೇಕು?

ನೀವು ಕೇಳಿರುವುದು ಇಷ್ಟು. ಹತ್ತು ವರ್ಷ ಅಮೆರಿಕದಲ್ಲಿದ್ದು ಈಗ ಬೆಂಗಳೂರಿಗೆ ವಾಪಸ್ ಬರುತ್ತಿದ್ದೀರಿ. ಗಂಡ, ಹೆಂಡತಿ, ಎಂಟು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ಊರಲ್ಲಿರುವ ಅಮ್ಮನನ್ನೂ ಜೊತೆಗೆ ಕರೆಸಿಕೊಳ್ಳುವ ಆಸೆ. ಸ್ವಂತ ಮನೆ ಇಲ್ಲ. ವರ್ಷಕ್ಕೆ 24 ಲಕ್ಷದ ಕೆಲಸ ಸಿಕ್ಕಿದೆ. ಸಾಕಾ?

ಸಂಸಾರ ನಡೆಯುತ್ತದೆ. ಆರಾಮಕ್ಕೆ ಸ್ವಲ್ಪ ಕಡಿಮೆ ಬೀಳುತ್ತದೆ. ನನ್ನ ಲೆಕ್ಕದಲ್ಲಿ ಬಾಡಿಗೆ ಮನೆಯಲ್ಲಿರುವ ನಿಮ್ಮಂಥ ಸಂಸಾರಕ್ಕೆ ತಿಂಗಳಿಗೆ 1 ಲಕ್ಷ 80 ಸಾವಿರ ಕೈಗೆ ಬಂದರೆ ನೆಮ್ಮದಿ. ಅದರಲ್ಲಿ ಸುಮಾರು 1 ಲಕ್ಷ 40 ಸಾವಿರ ಖರ್ಚು, ಉಳಿದದ್ದು ಉಳಿತಾಯ. ಉಳಿತಾಯವನ್ನು ಬೇಕಂತಲೇ ಸೇರಿಸಿದ್ದೇನೆ. ತಿಂಗಳ ಕೊನೆಗೆ ಖಾತೆ ಸೊನ್ನೆಗೆ ಬರುವ ಬದುಕನ್ನು ಆರಾಮ ಎನ್ನಲು ನನಗೆ ಮನಸ್ಸಿಲ್ಲ.

ಈ ಅಂಕಿ ನನ್ನ ಖರ್ಚಿನ ಪುಸ್ತಕದ್ದು. ನಾವು ಒಂಬತ್ತು ವರ್ಷ ನ್ಯೂಜೆರ್ಸಿಯಲ್ಲಿದ್ದು 2022ರ ಜೂನ್‌ನಲ್ಲಿ ವಾಪಸ್ ಬಂದೆವು. ಮನೆಯಲ್ಲಿ ಐದು ಜನ: ನಾವಿಬ್ಬರು, ಇಬ್ಬರು ಮಕ್ಕಳು, ನಮ್ಮತ್ತೆ. ಬಂದ ದಿನದಿಂದ ಪ್ರತಿ ಖರ್ಚನ್ನೂ ಬರೆದಿಟ್ಟಿದ್ದೇನೆ. ಮೊದಲ ಎರಡು ವರ್ಷ ವರ್ತೂರಿನ ಕಡೆ ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿದ್ದೆವು. ಆಗ ತಿಂಗಳಿಗೆ 2 ಲಕ್ಷ 35 ಸಾವಿರ ಖರ್ಚಾಗುತ್ತಿತ್ತು. 2024ರ ಮೇ ತಿಂಗಳಲ್ಲಿ ಬನಶಂಕರಿ ಮೂರನೇ ಹಂತಕ್ಕೆ ಬಂದೆವು. ಈಗ 1 ಲಕ್ಷ 40 ಸಾವಿರ. ಅದೇ ಜನ, ಅದೇ ಊರು. ಆದ್ದರಿಂದ "ಬೆಂಗಳೂರಿಗೆ ಎಷ್ಟು ಬೇಕು" ಎನ್ನುವುದಕ್ಕಿಂತ "ಬೆಂಗಳೂರಿನ ಯಾವ ಕಡೆಗೆ ಎಷ್ಟು ಬೇಕು" ಎಂದು ಕೇಳಿಕೊಳ್ಳಿ.

ಎರಡೂ ಲೆಕ್ಕ ಬಿಡಿಸಿ ಹೇಳುತ್ತೇನೆ. ವರ್ತೂರಿನ ಮನೆಗೆ ಬಾಡಿಗೆ 62 ಸಾವಿರ, ಮೇಂಟೆನೆನ್ಸ್ 7 ಸಾವಿರ. ಹತ್ತಿರದ ಶಾಲೆಯಲ್ಲಿ ಒಂದು ಮಗುವಿಗೆ ವರ್ಷಕ್ಕೆ ಮೂರೂವರೆ ಲಕ್ಷ. ಇಬ್ಬರಿಗೆ ಅಂದರೆ ತಿಂಗಳಿಗೆ 58 ಸಾವಿರ, ಶಾಲೆಯ ಬಸ್ಸಿಗೆ ಬೇರೆ 8 ಸಾವಿರ. ಅಡಿಗೆಯವರು, ಕೆಲಸದವರು ಸೇರಿ 12 ಸಾವಿರ. ಸಂಜೆಯಾದರೆ ಮಾಲ್, ಇಲ್ಲದಿದ್ದರೆ ಫೋನಿನಲ್ಲಿ ಊಟ ತರಿಸುವುದು, ಅದಕ್ಕೇ 18 ಸಾವಿರ. ದಿನಸಿ, ಓಡಾಟದಂಥ ಉಳಿದ ಖರ್ಚು ಬೇರೆ. ಸುತ್ತಮುತ್ತ ಎಲ್ಲರೂ ಹಾಗೇ ಇದ್ದುದರಿಂದ ಇದು ಜಾಸ್ತಿ ಅಂತ ಆಗ ಅನ್ನಿಸಲೂ ಇಲ್ಲ.

ಈಗ ಒಂದು ಸ್ವತಂತ್ರ ಮನೆಯ ಮೊದಲ ಮಹಡಿಯಲ್ಲಿದ್ದೇವೆ. ಬಾಡಿಗೆ 40 ಸಾವಿರ. ಮಕ್ಕಳ ಶಾಲೆಗೆ ತಲಾ 1 ಲಕ್ಷ 40 ಸಾವಿರ, ತಿಂಗಳಿಗೆ 23 ಸಾವಿರದ ಮೇಲೆ ಚೂರು. ವ್ಯಾನಿಗೆ 5 ಸಾವಿರ. ದಿನಸಿ, ತರಕಾರಿ, ಹಾಲು ಎಲ್ಲ ಸೇರಿ 24 ಸಾವಿರ. ಹಾಲೇ ದಿನಕ್ಕೆ ಎರಡು ಲೀಟರ್ ಬೇಕು. 2025ರ ಏಪ್ರಿಲ್‌ನಲ್ಲಿ ನಂದಿನಿ ನೀಲಿ ಪ್ಯಾಕೆಟ್ ಲೀಟರಿಗೆ 4 ರೂಪಾಯಿ ಏರಿ 46 ಆದಾಗಿನಿಂದ ಹಾಲಿನ ಲೆಕ್ಕ ತಿಂಗಳಿಗೆ 2,760 ಎಂದು ಬರೆಯುತ್ತಿದ್ದೇನೆ. ಕೆಲಸದವರಿಗೆ 5 ಸಾವಿರ. ಕರೆಂಟು, ನೀರು, ಗ್ಯಾಸ್, ಇಂಟರ್ನೆಟ್, ಮೊಬೈಲ್‌ಗೆ 6 ಸಾವಿರ. ಓಡಾಟಕ್ಕೆ 9 ಸಾವಿರ. ಆರೋಗ್ಯ ವಿಮೆಗೆ 6 ಸಾವಿರ, ಅತ್ತೆಯ ಮಾತ್ರೆಗೆ ನಾಲ್ಕೂವರೆ ಸಾವಿರ. ಹೊರಗೆ ತಿನ್ನುವುದಕ್ಕೆ 8 ಸಾವಿರ. ಹಬ್ಬ, ಬಟ್ಟೆ, ಮದುವೆ ಮುಯ್ಯಿ, ಊರಿಗೆ ಹೋಗಿಬರುವುದು ಇದಕ್ಕೆಲ್ಲ 10 ಸಾವಿರ. ಈ ಕೊನೆಯದನ್ನು ಹೊರದೇಶದಿಂದ ಬರುವವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹತ್ತಿರದವರ ಮಧ್ಯೆ ಬಂದ ಮೇಲೆ ತಿಂಗಳಿಗೆ ಒಂದಾದರೂ ನಾಮಕರಣ, ಗೃಹಪ್ರವೇಶ ಇದ್ದೇ ಇರುತ್ತದೆ.

ಕರೆಂಟಿನ ಬಗ್ಗೆ ಒಂದು ಮಾತು. 2023ರಲ್ಲಿ ಬಂದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಅರ್ಜಿ ಹಾಕಿ. ಆದರೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಗೀಸರ್, ವಾಷಿಂಗ್ ಮಷಿನ್ ಇರುವ ಐದು ಜನರ ಮನೆಯಲ್ಲಿ ದಾಟುವುದು ಕಷ್ಟವೇನಲ್ಲ.

ಮನೆ ನೋಡುವಾಗ ಬಾಡಿಗೆಗೂ ಮೊದಲು ನೀರು ಕೇಳಿ. ಕಾವೇರಿ ಕನೆಕ್ಷನ್ ಇದೆಯಾ, ಬರೀ ಬೋರ್‌ವೆಲ್ಲಾ, ಟ್ಯಾಂಕರಾ? ನಾನು ಕೇಳಿರಲಿಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ಲುಗಳು ಒಂದೊಂದಾಗಿ ಬತ್ತಿದವು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಎಂಟು, ಅಷ್ಟೇ ನೀರು. ಅತ್ತೆ ಬೆಳಗಿನ ಜಾವ ಎದ್ದು ಬಕೆಟ್, ಕೊಳಗ, ಕುಕ್ಕರ್ ಪಾತ್ರೆ ಸಮೇತ ತುಂಬಿಸಿಡುತ್ತಿದ್ದರು. ಜಿಲ್ಲಾಡಳಿತ ಆಗ 12 ಸಾವಿರ ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಎಂದು ದರ ಕಟ್ಟಿತ್ತು. ಆದರೂ ನಮ್ಮ ಪಾಲಿಗೆ ತಿಂಗಳಿಗೆ ಎರಡೂವರೆ ಸಾವಿರ ಹೆಚ್ಚುವರಿ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಗೆ ನೀರು ಬರತೊಡಗಿತು. ಆದರೂ ನೀವು ನೋಡುವ ಕಟ್ಟಡಕ್ಕೆ ಕನೆಕ್ಷನ್ ತೆಗೆದುಕೊಂಡಿದ್ದಾರಾ ಎಂದು ನೀವೇ ನೋಡಬೇಕು. ನೀರಿನ ಬಿಲ್ ತೋರಿಸಿ ಎಂದು ಓನರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಶಾಲೆಯ ವಿಷಯ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಬಂದಾಗ ಮಗಳು ನಾಲ್ಕನೇ ಕ್ಲಾಸು. ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದೆವು, ಚೆನ್ನಾಗಿ ಮಾತಾಡುತ್ತಿದ್ದಳು. ಬರೆಯಲು ಬರುತ್ತಿರಲಿಲ್ಲ. 2015ರ ಕನ್ನಡ ಕಲಿಕಾ ಕಾಯ್ದೆಯ ಪ್ರಕಾರ ಇಲ್ಲಿನ ಶಾಲೆಗಳಲ್ಲಿ ಕನ್ನಡ ಮೊದಲ ಅಥವಾ ಎರಡನೇ ಭಾಷೆಯಾಗಿ ಇರಬೇಕು. ಮೊದಲ ಡಿಕ್ಟೇಷನ್‌ನಲ್ಲಿ "ಅಕ್ಕ" ಎಂದರೆ "ಅಕಕ" ಎಂದು ಬರೆದು ಬಂದಳು. "ಅಮ್ಮ" ಹೋಗಿ "ಅಮಮ" ಆಗಿತ್ತು. ಒತ್ತಕ್ಷರ ಎಂಬುದೊಂದಿದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಆ ಹಾಳೆಯನ್ನು ಬ್ಯಾಗಿನ ತಳದಲ್ಲಿ ಮಡಚಿಟ್ಟು ಅತ್ತಳು. ಅವಳ ಅಜ್ಜಿ ಸ್ಲೇಟು ತರಿಸಿ, ಅಕ್ಷರದ ಕೆಳಗೆ ಪುಟ್ಟದಾಗಿ ಇನ್ನೊಂದನ್ನು ಬರೆಸುತ್ತಾ ಕೂತರು. ಜೊತೆಗೆ ನಿವೃತ್ತ ಟೀಚರ್ ಒಬ್ಬರ ಹತ್ತಿರ ತಿಂಗಳಿಗೆ ಒಂದೂವರೆ ಸಾವಿರ ಕೊಟ್ಟು ಆರು ತಿಂಗಳು ಪಾಠ ಹೇಳಿಸಿದೆವು. ನಾನು ಈವರೆಗೆ ಕೊಟ್ಟ ಫೀಸುಗಳಲ್ಲಿ ತುಂಬ ಸಾರ್ಥಕವಾದದ್ದು ಇದು. ನಿಮ್ಮ ದೊಡ್ಡ ಮಗುವಿಗೆ ಅಲ್ಲಿಂದಲೇ ದಿನಕ್ಕೆ ಹದಿನೈದು ನಿಮಿಷ ಕಾಗುಣಿತ, ಒತ್ತಕ್ಷರ ಶುರು ಮಾಡಿಸಿ.

ಫೀಸು ಜಾಸ್ತಿಯಾದಷ್ಟೂ ಶಾಲೆ ಒಳ್ಳೆಯದು ಎಂದುಕೊಂಡಿದ್ದೆ. ಮೂರೂವರೆ ಲಕ್ಷದ ಶಾಲೆಯಿಂದ ಒಂದೂವರೆ ಲಕ್ಷದ ಒಳಗಿನ ಶಾಲೆಗೆ ಬಂದ ಮೇಲೆ ಮಕ್ಕಳ ಓದು ಕೆಡಲಿಲ್ಲ. ಕಡಿಮೆಯಾದದ್ದು ಈಜುಕೊಳ ಮತ್ತು ಏಸಿ ಕ್ಲಾಸ್‌ರೂಮ್. ನನ್ನ ಮಕ್ಕಳಿಗೆ ಅದರ ನೆನಪೂ ಬರುವುದಿಲ್ಲ.

ಇನ್ನು ನಿಮ್ಮ 24 ಲಕ್ಷ. ಅದನ್ನು ಹನ್ನೆರಡರಿಂದ ಭಾಗಿಸಿ 2 ಲಕ್ಷ ಎಂದುಕೊಳ್ಳಬೇಡಿ. ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿಗಳನ್ನು ಸಾಮಾನ್ಯವಾಗಿ ಆ 24ರ ಒಳಗೇ ಸೇರಿಸಿರುತ್ತಾರೆ. ಮೂಲ ವೇತನ ಅರ್ಧದಷ್ಟಿದ್ದು, 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 2 ಲಕ್ಷ 40 ಸಾವಿರ ತೆರಿಗೆ. ನಿಮ್ಮ ಪಾಲಿನ ಪಿಎಫ್ ಸಹ ಕಳೆದರೆ ಕೈಗೆ ಬರುವುದು ತಿಂಗಳಿಗೆ ಒಂದೂವರೆ ಲಕ್ಷದ ಆಸುಪಾಸು. ಸ್ವಲ್ಪ ಭಾಗ ಬೋನಸ್ ಆಗಿ ವರ್ಷದ ಕೊನೆಗೆ ಬರುವಂತಿದ್ದರೆ ಇನ್ನೂ ಕಡಿಮೆ. 1 ಲಕ್ಷ 80 ಸಾವಿರ ಕೈಗೆ ಬೇಕೆಂದರೆ ಪ್ಯಾಕೇಜ್ 30 ಲಕ್ಷದ ಹತ್ತಿರ ಇರಬೇಕು. ಇನ್ನೊಮ್ಮೆ ಮಾತಾಡಿ ನೋಡಿ. ಆಗದಿದ್ದರೆ ಬಾಡಿಗೆಯನ್ನು 30 ಸಾವಿರದ ಒಳಗೆ ಹಿಡಿದಿಡಿ, ಇಲ್ಲವೇ ಇಬ್ಬರೂ ದುಡಿಯುವ ಯೋಚನೆ ಮಾಡಿ.

ಆಫೀಸು ಯಾವ ಕಡೆ ಎಂಬುದು ಗಟ್ಟಿಯಾದ ಮೇಲೆಯೇ ಮನೆ ಹುಡುಕಿ. ನಮ್ಮವರು ಕೆಲಸ ಬದಲಿಸಿ ಎಲೆಕ್ಟ್ರಾನಿಕ್ ಸಿಟಿಗೆ ಹೋದರು. ಮೊದಲು ಕಾರಿನಲ್ಲಿ ನೈಸ್ ರಸ್ತೆ ಹಿಡಿದು ಟೋಲ್ ಕಟ್ಟಿ ಹೋಗುತ್ತಿದ್ದರು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಶುರುವಾಯಿತು. ಈಗ ಸ್ಕೂಟರ್ ಸ್ಟೇಷನ್ನಿನ ಹತ್ತಿರ ನಿಲ್ಲಿಸಿ ಹೋಗುತ್ತಾರೆ. ಆ ವರ್ಷ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90ಕ್ಕೆ ಏರಿದ್ದು ನಿಜ. ಆದರೂ ಪೆಟ್ರೋಲ್, ಟೋಲ್‌ಗಿಂತ ಅಗ್ಗ. ಸಂಜೆ ಏಳಕ್ಕೆ ಮನೆಯಲ್ಲಿರುತ್ತಾರೆ, ಮಗನ ಲೆಕ್ಕದ ಹೋಂವರ್ಕ್ ಅವರದ್ದೇ.

ಮೊದಲ ವರ್ಷದ ಖರ್ಚನ್ನು ಸಂಬಳದಿಂದ ತೂಗಿಸಲು ಹೋಗಬೇಡಿ. ಅದಕ್ಕೆಂದೇ 12ರಿಂದ 15 ಲಕ್ಷ ಬೇರೆ ಇಟ್ಟುಕೊಂಡು ಬನ್ನಿ. ಮನೆ ಅಡ್ವಾನ್ಸ್ ಹಿಂದೆ ಹತ್ತು ತಿಂಗಳ ಬಾಡಿಗೆ ಇತ್ತು, ಈಗ ಐದಾರು ತಿಂಗಳಿಗೆ ಒಪ್ಪುವವರು ಸಿಗುತ್ತಾರೆ, ಚೌಕಾಶಿ ಮಾಡಿ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಫ್ರಿಜ್, ಮಂಚ, ಶಾಲೆಯ ಅಡ್ಮಿಷನ್ ಫೀಸು, ಹೀಗೇ ಸಾಗುತ್ತದೆ. ಕಾರು 10 ಲಕ್ಷ ದಾಟಿತೆಂದರೆ ರಸ್ತೆ ತೆರಿಗೆಯೇ ಶೇ 17, ಅದರ ಮೇಲೆ ಸೆಸ್. ನಾವು ವರ್ತೂರಿನ ಮನೆ ಬಿಟ್ಟಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ, 62 ಸಾವಿರ, ಹಿಡಿದುಕೊಂಡರು. ಕರಾರು ಪತ್ರದಲ್ಲಿ ಒಂದು ಸಾಲು ಹಾಗೆ ಬರೆದಿತ್ತು. ಹನ್ನೊಂದು ತಿಂಗಳ ಕರಾರು ಎಂದು ಸುಮ್ನೆ ಸಹಿ ಹಾಕಬೇಡಿ, ಓದಿ.

ಬಂದ ತಕ್ಷಣ ಮನೆ ಕೊಳ್ಳುವುದು ಬೇಡ. ಮುದ್ರಾಂಕ ಶುಲ್ಕ ಶೇ 5, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2. ಸೆಸ್ ಎಲ್ಲ ಸೇರಿ ಕೋಟಿ ರೂಪಾಯಿಯ ಮನೆಗೆ ಏಳೂವರೆ ಲಕ್ಷದ ಮೇಲೆ ಇದಕ್ಕೇ ಹೋಗುತ್ತದೆ. ಕೊಂಡ ಮೇಲೆ ನೀರಿಲ್ಲ, ಶಾಲೆ ದೂರ ಎಂದು ಗೊತ್ತಾದರೆ ಬಿಟ್ಟು ಹೋಗುವುದು ಬಾಡಿಗೆ ಮನೆಯಷ್ಟು ಸುಲಭವಲ್ಲ.

ಅಮ್ಮನ ಆರೋಗ್ಯ ವಿಮೆಯನ್ನು ಅಲ್ಲಿಂದಲೇ ಮಾಡಿಸಿ, ಇವತ್ತೇ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ನಾವು ಬಂದ ಮೇಲೆ ಮಾಡಿಸಿದೆವು. ಪಾಲಿಸಿಗೆ ಎಂಟು ತಿಂಗಳಾದಾಗ ಅತ್ತೆಗೆ ಪಿತ್ತಕೋಶದ ಆಪರೇಷನ್ ಆಯಿತು. 1 ಲಕ್ಷ 80 ಸಾವಿರ, ಪೂರ್ತಿ ಕೈಯಿಂದ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಅಷ್ಟರ ಮಟ್ಟಿಗೆ ಕಂತು ಹಗುರ.

ತೆರಿಗೆಯಲ್ಲಿ ನಿಮಗೊಂದು ಅನುಕೂಲ ಇದೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಇಲ್ಲಿ ಕಳೆದದ್ದು 729 ದಿನ ಮೀರದಿದ್ದರೆ, ಬಂದ ಹೊಸದರಲ್ಲಿ ನಿಮ್ಮನ್ನು "ಸಾಮಾನ್ಯ ನಿವಾಸಿಯಲ್ಲದವರು" ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಆ ಅವಧಿಯಲ್ಲಿ ಅಮೆರಿಕದ ಬ್ಯಾಂಕಿನ ಬಡ್ಡಿಗೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಅನಿವಾಸಿಗಳಿಗೆಂದೇ ಇಲ್ಲಿನ ಬ್ಯಾಂಕುಗಳಲ್ಲಿರುವ ಎನ್‌ಆರ್‌ಇ ಖಾತೆಯನ್ನು ಮಾತ್ರ ಹಾಗೇ ಬಿಡಬೇಡಿ, ವಾಪಸ್ ಬಂದಿದ್ದೇವೆ ಎಂದು ಬ್ಯಾಂಕಿಗೆ ತಿಳಿಸಲೇಬೇಕು. ಟಿಕೆಟ್ ತೆಗೆಯುವ ಮೊದಲು ಲೆಕ್ಕಪರಿಶೋಧಕರ ಹತ್ತಿರ ಒಂದು ಗಂಟೆ ಕೂತು ಮಾತಾಡಿ.

ಆಫೀಸು ಎಲ್ಲಿ ಎಂದು ನೀವು ಬರೆದಿಲ್ಲ. ಬರೆಯಿರಿ. ದಕ್ಷಿಣದ ಕಡೆಯಾದರೆ ಕತ್ರಿಗುಪ್ಪೆ, ಬನಶಂಕರಿ, ಜೆ.ಪಿ. ನಗರದಲ್ಲಿ ಯಾವ ರಸ್ತೆಗೆ ಕಾವೇರಿ ನೀರು ಸರಿಯಾಗಿ ಬರುತ್ತದೆ, ಯಾವ ಶಾಲೆಯ ವ್ಯಾನ್ ಎಲ್ಲಿಯವರೆಗೆ ಬರುತ್ತದೆ ಎಂದು ನಾನೇ ವಿಚಾರಿಸಿ ಹೇಳುತ್ತೇನೆ.