ತಡೆದವರ ಲೆಕ್ಕ ಇಟ್ಟವರು ಯಾರು?

ಪತ್ರ: "ಕಳೆದ ಸಂಚಿಕೆಯಲ್ಲಿ ಅರವತ್ತರ ದಶಕದ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಮುಂಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವ ನಾಲ್ವರು ಡಿಫೆನ್ಸಿವ್ ಲೈನ್‌ಮನ್‌ಗಳಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಅಮೆರಿಕನ್ ಫುಟ್‌ಬಾಲ್ ಅಂದರೆ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ವಾಮಿ. ನೂಕಿ ಬೀಳಿಸುವವರಿಗೆ ಯಾಕಿಷ್ಟು ಜಾಗ?" (ಒಬ್ಬ ಓದುಗ, ಸ್ಯಾನ್ ಹೋಸೆ)

ಉತ್ತರ: ಅಂಕ ಗಳಿಸದೆ ಪಂದ್ಯ ಗೆಲ್ಲಲಾಗದು, ಒಪ್ಪಿದೆ. ಅದೇ ರ‍್ಯಾಮ್ಸ್‌ನ ಕ್ವಾರ್ಟರ್‌ಬ್ಯಾಕ್ ರೋಮನ್ ಗೇಬ್ರಿಯಲ್ 1969ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡದ್ದೂ ಸುಮ್ನೆ ಅಲ್ಲ. ನಿಮ್ಮ ಪಾಲಿನದು ಕೊಟ್ಟಾಯಿತಲ್ವಾ? ಈಗ ನನ್ನ ಸರದಿ.

ಕಬಡ್ಡಿ ನೋಡುವಾಗ ನೀವು ರೈಡರ್‌ಗೆ ಮಾತ್ರ ಚಪ್ಪಾಳೆ ಹೊಡೆಯುತ್ತೀರಾ? ಕಾಲು ಹಿಡಿದು ಕೆಡವಿದವನಿಗೆ ಜಾಸ್ತಿ ಶಿಳ್ಳೆ ಬೀಳುತ್ತದೆ. ಅಮೆರಿಕಕ್ಕೆ ಹೋದ ಮೇಲೆ ಮರೆತಿರಬೇಕು.

'ಫಿಯರ್ಸಮ್ ಫೋರ್ಸಮ್' (ಭಯಂಕರ ನಾಲ್ವರು) ಅನ್ನಿಸಿಕೊಂಡ ಆ ನಾಲ್ವರು ಸಾಲಾಗಿ ನಿಂತದ್ದು 1963ರಿಂದ. ಎಡತುದಿಗೆ ಡೀಕನ್ ಜೋನ್ಸ್, ಪಕ್ಕದಲ್ಲಿ ಮರ್ಲಿನ್ ಓಲ್ಸನ್, ಆಮೇಲೆ ರೋಸಿ ಗ್ರಿಯರ್, ಬಲತುದಿಗೆ ಆರಡಿ ಏಳಿಂಚಿನ ಲಮಾರ್ ಲಂಡಿ. ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ ಓಲ್ಸನ್ ಮೊದಲ ಸುತ್ತಿನಲ್ಲೇ ಆಯ್ಕೆಯಾದವರು. ಜೋನ್ಸ್ 1961ರಲ್ಲಿ 14ನೇ ಸುತ್ತಿನಲ್ಲಿ, ಅಂದರೆ ಹೆಚ್ಚುಕಡಿಮೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ. ಒಳಗಡೆ ಓಲ್ಸನ್ ಇಬ್ಬರನ್ನು ಮೈಮೇಲೆ ಎಳೆದುಕೊಂಡರೆ, ಹೊರಗಡೆ ಜೋನ್ಸ್ ಎದುರಿಗೆ ಉಳಿಯುತ್ತಿದ್ದವನು ಒಬ್ಬನೇ. ಚೆಂಡು ಅಲುಗಿದ ಕ್ಷಣಕ್ಕೆ ಅವನ ಹೆಲ್ಮೆಟ್ಟಿಗೆ ಪಕ್ಕದಿಂದ ಅಂಗೈಯಲ್ಲಿ ಫಟ್ ಅಂತ ಒಂದು ಏಟು. ಅವನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಜೋನ್ಸ್ ದಾಟಿ ಕ್ವಾರ್ಟರ್‌ಬ್ಯಾಕ್ ಮೇಲೆ ಬಿದ್ದಿರುತ್ತಿದ್ದರು. (ಒಳ್ಳೆಯ ಏಟೇನೂ ಅಲ್ಲ, 1977ರಲ್ಲಿ ನಿಷೇಧಿಸಿದ್ದು ಸರಿಯಾಗಿಯೇ ಇದೆ.)

ಹೀಗೆ ಕೆಡವುವುದಕ್ಕೆ 'ಸ್ಯಾಕ್' ಅನ್ನುವ ಹೆಸರು ಬಳಕೆಗೆ ತಂದವರು ತಾವೇ ಎಂದು ಜೋನ್ಸ್ ಹೇಳಿಕೊಳ್ಳುತ್ತಿದ್ದರು. ಗೋಣಿಚೀಲಕ್ಕೆ ತುಂಬಿ ಬಡಿಯುವ ಚಿತ್ರ ಅವರ ತಲೆಯಲ್ಲಿತ್ತಂತೆ. ಆದರೆ ಯಾರು ಎಷ್ಟು ಸ್ಯಾಕ್ ಮಾಡಿದರು ಅಂತ ಲೀಗ್ ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದು 1982ರಲ್ಲಿ. ಜೋನ್ಸ್ ಆಟ ಮುಗಿಸಿದ್ದು 1974ರಲ್ಲಿ. ಹೆಸರು ಕೊಟ್ಟವರ ಖಾತೆಯಲ್ಲಿ ಅಧಿಕೃತವಾಗಿ ಒಂದೂ ಇಲ್ಲ! ಹಳೆಯ ಪಂದ್ಯಗಳನ್ನು ಕೂತು ಎಣಿಸಿದವರು 1967, 68ರಲ್ಲಿ ವರ್ಷಕ್ಕೆ ಇಪ್ಪತ್ತರ ಮೇಲಿತ್ತು ಅನ್ನುತ್ತಾರೆ.

ಇನ್ನು ಗ್ರಿಯರ್. ಸುಮಾರು 130 ಕೆಜಿಯ ಆಳು, ಕೂತು ಕಸೂತಿ ಹಾಕುತ್ತಿದ್ದರು. ಗಂಡಸರಿಗೆ ಅದನ್ನು ಕಲಿಸಲು 1973ರಲ್ಲಿ ಪುಸ್ತಕವನ್ನೇ ತಂದರು. 1968ರ ಜೂನ್ 5ರಂದು, ನಡುರಾತ್ರಿ ದಾಟಿದ ಹೊತ್ತಿಗೆ, ಲಾಸ್ ಏಂಜಲೀಸ್‌ನ ಆಂಬಾಸಡರ್ ಹೋಟೆಲಿನಲ್ಲಿ ಅಧ್ಯಕ್ಷ ಸ್ಥಾನದ ಆಕಾಂಕ್ಷಿ ರಾಬರ್ಟ್ ಕೆನಡಿಗೆ ಗುಂಡು ಬಿದ್ದಾಗ, ಅಡುಗೆಮನೆಯ ಆ ಇಕ್ಕಟ್ಟಿನಲ್ಲಿ ಹಂತಕನನ್ನು ಅದುಮಿ ಹಿಡಿದು ಪಿಸ್ತೂಲು ಬಿಡಿಸಿದವರಲ್ಲಿ ಇವರೂ ಒಬ್ಬರು. ಸಿಟ್ಟಿಗೆದ್ದ ಜನ ಅವನ ಮೇಲೆ ಮುಗಿಬಿದ್ದಾಗ ಅಡ್ಡ ನಿಂತವರೂ ಇವರೇ. ನೂಕಿ ಬೀಳಿಸುವವರು ಅಂದಿರಲ್ಲ, ಅದಕ್ಕೇ ಹೇಳಿದೆ.

ಜೋನ್ಸ್, ಓಲ್ಸನ್ ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಗ್ರಿಯರ್, ಲಂಡಿ ಸೇರಲಿಲ್ಲ. ಲಂಡಿ ಹದಿಮೂರು ವರ್ಷ ಒಂದೇ ತಂಡಕ್ಕೆ ಆಡಿದವರು.

ನಮ್ಮಲ್ಲೂ ಅಷ್ಟೇ. ಕೆಟ್ಟದ್ದು ಆಗದಂತೆ ನೋಡಿಕೊಂಡವರಿಗೆ ತೋರಿಸಲು ಏನೂ ಇರುವುದಿಲ್ಲ. ರಾತ್ರಿಯೆಲ್ಲ ಲೈನು ನೋಡಿಕೊಂಡ ಲೈನ್‌ಮ್ಯಾನ್‌ಗೆ ಕರೆಂಟು ಹೋದಾಗ ಮಾತ್ರ ಫೋನು. ನಮ್ಮ ಪತ್ರಿಕೆಯಲ್ಲಿ ಕರಡು ತಿದ್ದುವ ಹಿರಿಯರೊಬ್ಬರಿದ್ದಾರೆ. ಇಷ್ಟು ವರ್ಷದಲ್ಲಿ ಅವರ ಹೆಸರಿಗೆ ಮೆಚ್ಚುಗೆಯ ಒಂದು ಪತ್ರವೂ ಬಂದಿಲ್ಲ, ತಪ್ಪು ಉಳಿದಾಗ ಮಾತ್ರ ಕಂತೆಗಟ್ಟಲೆ ಬರುತ್ತವೆ.

ಅಂದಹಾಗೆ, ನಿಮ್ಮ ಪತ್ರದಲ್ಲಿ 'ಕ್ವಾರ್ಟರ್‌ಬ್ಯಾಕ್' ಮೂರು ಕಡೆ ಮೂರು ಥರ ಇತ್ತು. ಎರಡು ಕಡೆ ಹೊಡೆದುಹಾಕಿ ಉಳಿದದ್ದನ್ನು ಅವರೇ ಸರಿ ಮಾಡಿದ್ದಾರೆ.