ಮಂಚದ ಲಂಗ: ಕತ್ತರಿಗಿಂತ ಮೊದಲು ಬಟ್ಟೆಗೆ ನೀರು ತೋರಿಸಿ

ನಿಮ್ಮ ಪ್ರಶ್ನೆ ಓದಿ ನಗು ಬಂತು. ಬೇಜಾರು ಮಾಡಬೇಡಿ, ನಕ್ಕದ್ದು ನನ್ನ ಮೇಲೆಯೇ. ಹೊಸಂಗಡಿಯ ಹೊಸ ಮನೆ, ಕ್ವೀನ್ ಸೈಜ್ ಮಂಚ, ಅದಕ್ಕೆ ನೆಲ ಮುಟ್ಟುವ, ಮೂಲೆ ಬಿಗಿಯಾಗಿ ಕೂರುವ ಬಟ್ಟೆಯ ಸ್ಕರ್ಟ್ ಬೇಕು. ಅದಕ್ಕೆ ಸುತ್ತ ಫ್ರಿಲ್ (ಸಡಿಲ ನೆರಿಗೆ) ಚಂದವೋ ಬಾಕ್ಸ್ ಪ್ಲೀಟ್ (ಮಡಚಿ ಇಸ್ತ್ರಿ ಹಾಕಿದ ಚಪ್ಪಟೆ ನೆರಿಗೆ) ಚಂದವೋ ಅಂತ ಕೇಳಿದ್ದೀರಿ. ಏಳು ವರ್ಷದ ಹಿಂದೆ ಇದೇ ಲೆಕ್ಕದಲ್ಲಿ ನಾನು ಎರಡು ರಾತ್ರಿ ನಿದ್ದೆ ಬಿಟ್ಟಿದ್ದೆ. ಆಮೇಲೆ ಗೊತ್ತಾಯಿತು, ಫ್ರಿಲ್ಲೋ ಪ್ಲೀಟೋ ಎಂಬುದು ಪ್ರಶ್ನೆಯೇ ಅಲ್ಲ.

ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಚಾವಡಿಯ ಪಕ್ಕದ ಕೋಣೆಯಲ್ಲಿ ಅತ್ತೆಯ ಕಾಲದ ಹೆಬ್ಬಲಸಿನ ಮಂಚ ಉಂಟು. ಆರೂವರೆ ಅಡಿ ಉದ್ದ, ಐದು ಅಡಿ ಅಗಲ. ಇಂಚಿನಲ್ಲಿ 78ಕ್ಕೆ 60, ಅಂದರೆ ನಿಮ್ಮ ಕ್ವೀನ್ ಸೈಜೇ. ಅದರ ಅಡಿಯಲ್ಲಿ ಒಂದು ಸಂಸಾರ: ಎರಡು ಟ್ರಂಕು, ಮಾವಿನ ಮಿಡಿಯ ಭರಣಿ, ಗೋಟಡಿಕೆಯ ಚೀಲ, ಆಮೇಲೆ ನಮ್ಮವರ ಚೆಂಡೆ. ಮಗಳ ನಿಶ್ಚಿತಾರ್ಥ ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಅಂತ ನಿಗದಿಯಾಯಿತು. ಗಂಡಿನ ಕಡೆಯ ಹೆಂಗಸರು ಅದೇ ಕೋಣೆಯಲ್ಲಿ ಕೂರುವವರು. ಭರಣಿ ಕಂಡರೆ ಏನಂದುಕೊಂಡಾರು ಅಂತ ನನಗೆ ತಲೆಬಿಸಿ. (ಅವರ ಮನೆಯ ಮಂಚದಡಿಯಲ್ಲೂ ಭರಣಿಯೇ ಇತ್ತು. ಅದು ನಾನು ಆಮೇಲೆ ಕಂಡದ್ದು.)

ತಮ್ಮ ದುಬೈಯಲ್ಲಿ ಇರುವುದು. ಅವನ ಫ್ಲ್ಯಾಟಿನಲ್ಲಿ ಮಂಚಕ್ಕೆ ಇಸ್ತ್ರಿ ಮುರಿಯದ ಲಂಗ ತೊಡಿಸಿದ್ದನ್ನು ನೋಡಿ ಬಂದಿದ್ದೆ. ಅದೇ ತಲೆಯಲ್ಲಿತ್ತು. ಅಲ್ಲಿ ಹೇಗೆಂದರೆ, ಕಬ್ಬಿಣದ ಚೌಕಟ್ಟು, ಅದರ ಮೇಲೆ ಬಾಕ್ಸ್ ಸ್ಪ್ರಿಂಗ್ ಎಂಬ ದಪ್ಪ ಪೆಟ್ಟಿಗೆ, ಅದರ ಮೇಲೆ ಹಾಸಿಗೆ. ಪೆಟ್ಟಿಗೆ ನೋಡಲು ಚಂದ ಇರುವುದಿಲ್ಲ, ಅದಕ್ಕೇ ಲಂಗ. ಲಂಗದ ನಡುವೆ ಬಟ್ಟೆಯ ಒಂದು ದೊಡ್ಡ ಹಾಳೆ ಇರುತ್ತದೆ. ಅದನ್ನು ಪೆಟ್ಟಿಗೆಯ ಮೇಲೆ ಹಾಸಿ ಹಾಸಿಗೆ ಇಟ್ಟರೆ ಆಯಿತು, ಹಾಸಿಗೆಯ ಭಾರಕ್ಕೆ ಅದು ಅಲ್ಲೇ ಕೂರುತ್ತದೆ. ಹಾಳೆಯ ಮೂರು ಬದಿಗೆ ಬಟ್ಟೆ ಇಳಿಬಿಟ್ಟಿರುತ್ತದೆ. ನಾನು ಅದನ್ನೇ ಹೊಲಿದೆ. ನಮ್ಮ ಮಂಚಕ್ಕೆ ಆ ಪೆಟ್ಟಿಗೆಯೇ ಇಲ್ಲ, ಬದಿಯ ಹಲಗೆಯಲ್ಲಿ ಒಳ್ಳೆ ಕೆತ್ತನೆ ಉಂಟು, ಅದನ್ನು ಯಾಕೆ ಮುಚ್ಚಬೇಕು ಅಂತ ಒಂದು ಕ್ಷಣವೂ ಯೋಚಿಸಲಿಲ್ಲ.

ಬಟ್ಟೆ ತಂದದ್ದು ಕಣ್ಣೂರಿನ ಕೈಮಗ್ಗದ್ದು. ಪರದೆಗೆ ಹಾಕುವ ದಪ್ಪ ಹತ್ತಿ, 48 ಇಂಚು ಪನ್ನ, ಅಂದರೆ ಬಟ್ಟೆಯ ಅಗಲ. ಕಣ್ಣೂರಿನ ಈ ಮನೆಬಟ್ಟೆಗಳಿಗೆ ಜಿಐ (ಭೌಗೋಳಿಕ ಸೂಚಕ) ಗುರುತೂ ಇದೆ, ನಮ್ಮ ಕಾಸರಗೋಡು ಸೀರೆಗೆ ಇದ್ದ ಹಾಗೆಯೇ. ಬಟ್ಟೆಯಲ್ಲಿ ಒಂದೂ ದೋಷ ಇರಲಿಲ್ಲ, ಈಗಲೂ ಹೇಳುತ್ತೇನೆ. ಸುತ್ತಳತೆ 78, 78, 60 ಕೂಡಿ 216 ಇಂಚು. ಪೂರ್ತಿ ಬಾಕ್ಸ್ ಪ್ಲೀಟ್ ಹಾಕಿದರೆ ಅದರ ಮೂರು ಪಟ್ಟು, 648. ಪನ್ನದ ಅಡ್ಡಕ್ಕೆ ಕತ್ತರಿಸಿದರೆ 14 ತುಂಡು. ಇಳಿತ, ಅಂದರೆ ಮೇಲಿಂದ ಕೆಳಕ್ಕೆ ಇಳಿಯುವ ಉದ್ದ, 18 ಇಂಚು, ಮೇಲೆ ಹೊಲಿಗೆಗೆ ಅರ್ಧ, ಕೆಳಗೆ ಮಡಚಲು ಒಂದೂವರೆ, ಒಟ್ಟು 20. ಏಳೂವರೆ ಮೀಟರ್ ತಂದೆ. ನಡುವಿನ ಹಾಳೆಗೆ ಹಳೆಯ ಟೆರಿಕಾಟ್ (ಪಾಲಿಯೆಸ್ಟರ್ ಬೆರೆತ ಹತ್ತಿ) ಬೆಡ್‌ಶೀಟ್ ಕತ್ತರಿಸಿದೆ. ಅದು ಹೇಗೂ ಕಾಣುವುದಿಲ್ಲ, ಅದಕ್ಕೆ ಯಾಕೆ ದುಡ್ಡು ಅಂತ.

ನಾಲ್ಕು ದಿನ ಹಿಡಿಯಿತು. ಹಾಕಿ ನೋಡಿದರೆ, ಏನು ಹೇಳಲಿ, ಅಳತೆ ತೆಗೆದು ಅಚ್ಚು ಹೊಯ್ದ ಹಾಗೆ ಕೂತಿತ್ತು. ಪಕ್ಕದ ಮನೆಯವರು ಬಂದು ನೋಡಿ ಹೋದರು. ನಾನೂ ಆ ಒಂದು ವಾರ ಸುಮ್ನೆ ಸುಮ್ನೆ ಆ ಕೋಣೆಗೆ ಹೋಗಿ ಬರುತ್ತಿದ್ದೆ.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಶುರುವಾಗಿತ್ತು. ಬೆಕ್ಕು ಒದ್ದೆ ಕಾಲಲ್ಲಿ ಬಂದು ಆ ಪರದೆಯೊಳಗೆ ಮನೆ ಮಾಡಿತು. ಲಂಗದ ಒಂದು ಬದಿ ಪೂರಾ ಕೆಸರು. ಒಗೆದೆ. ಅಡಿಕೆ ಒಣಗಿಸಲು ಕಟ್ಟಿದ ಸೋಲಾರ್ ಮನೆಯಲ್ಲಿ ಹಗ್ಗ ಕಟ್ಟಿ ಮೂರು ದಿನ ಒಣಗಿಸಿದೆ. ಇಸ್ತ್ರಿ ಹಾಕಿ ತಂದು ಹಾಸಿದರೆ, ಮೂಲೆ ಮೂಲೆಗೆ ಬರುತ್ತಿಲ್ಲ. ಮೇಲಿನ ಹೊಲಿಗೆಯ ಉದ್ದಕ್ಕೂ ಹಾಳೆ ಕಾದ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಮುದುಡಿದೆ. ಕೆಳಗೆ ಭರಣಿಯ ಬುಡ, ಟ್ರಂಕಿನ ಬುಡ, ಎಲ್ಲ ದರ್ಶನ. ಅತ್ತೆ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು: "ಮಂಚ ಬೆಳೆದಿದೆಯಾ ಹೇಗೆ? ಲಂಗ ಗಿಡ್ಡ ಆಗಿದೆ."

ನಿಶ್ಚಿತಾರ್ಥಕ್ಕೆ ಐದು ದಿನ ಇತ್ತು.

ಈಗ ನನ್ನ ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ. ಬ್ಲೌಸಿನ ಲೈನಿಂಗ್ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸದೆ ನಾನು ಕತ್ತರಿ ಇಡುವುದಿಲ್ಲ. ಇಪ್ಪತ್ತು ವರ್ಷದ ರೂಢಿ. ಯಾವ ಹೊಲಿಯುವವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಆದರೆ ಮಂಚದ ಬಟ್ಟೆ ಅಂದರೆ ಪರದೆಯ ಹಾಗೆ, ಮೈಗೆ ಹಾಕುವುದಲ್ಲವಲ್ಲ, ಅಂತ ತಲೆಯಲ್ಲಿ ಬೇರೆ ಖಾನೆಗೆ ಹೋಯಿತು. ಪರದೆ ಒಂದಿಂಚು ಗಿಡ್ಡ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಅಳತೆಗೆ ಬಿಗಿಯಾಗಿ ಕೂರಬೇಕಾದದ್ದಕ್ಕೆ ಆ ಸಡಿಲ ಎಲ್ಲಿದೆ? ಮಂಚದ ಲಂಗ ಪರದೆಯ ಜಾತಿಯದ್ದಲ್ಲ, ಬ್ಲೌಸಿನ ಜಾತಿಯದ್ದು.

ಮಗ್ಗದಲ್ಲಿ ಹಾಸಿನ ನೂಲನ್ನು ಗಂಜಿ ಕುಡಿಸಿ ಎಳೆದು ಬಿಗಿ ಹಿಡಿದಿರುತ್ತಾರೆ. ಅಂದರೆ ಬಟ್ಟೆಯ ಉದ್ದಕ್ಕೆ ಹೋಗುವ ನೂಲು. ಹೊಕ್ಕು, ಅಂದರೆ ಅಡ್ಡ ನೂಲಿಗೆ ಅಷ್ಟು ಎಳೆತ ಇರುವುದಿಲ್ಲ. ನೀರು ಬಿದ್ದಾಗ ಗಂಜಿ ಬಿಡುತ್ತದೆ, ಎಳೆತ ಸಡಿಲುತ್ತದೆ. ಹತ್ತಿ ನೀರು ಕುಡಿದು ದಪ್ಪ ಆಗುತ್ತದೆ. ಅಡ್ಡ ನೂಲು ದಪ್ಪ ಆದಷ್ಟೂ ಅದನ್ನು ಸುತ್ತಿಕೊಂಡು ಹೋಗಲು ಉದ್ದ ನೂಲಿಗೆ ಜಾಸ್ತಿ ದಾರಿ ಬೇಕು. ಆ ಜಾಸ್ತಿ ಎಲ್ಲಿಂದ ಬರಬೇಕು? ಬಟ್ಟೆಯ ಉದ್ದದಿಂದಲೇ. ನಾನು ಅಡ್ಡಕ್ಕೆ ಕತ್ತರಿಸಿದ ಕಾರಣ ಹಾಸು ಮೇಲಿಂದ ಕೆಳಗೆ ಇಳಿದಿತ್ತು. ಹಾಗಾಗಿ ಹೆಚ್ಚು ಕುಗ್ಗಿದ್ದು ಇಳಿತ: 18 ಇದ್ದದ್ದು ಹದಿನಾರೂವರೆ. ಬದಿಯಲ್ಲಿ 78ರ ಜಾಗಕ್ಕೆ ಸುಮಾರು 76 ಸಾಕು ಅಂತ ಬಟ್ಟೆ ಹೇಳುತ್ತಿತ್ತು, ಟೆರಿಕಾಟ್ ಹಾಳೆ ಮಾತ್ರ 78ರಲ್ಲೇ ನಿಂತಿತ್ತು. ಅದರಲ್ಲಿರುವ ಪಾಲಿಯೆಸ್ಟರ್ ನೀರು ಕುಡಿಯುವುದೇ ಇಲ್ಲ ಅನ್ನಬಹುದು, ಮೇಲಾಗಿ ಎಷ್ಟೋ ಸಲ ಒಗೆದ ಹಳೆ ಬಟ್ಟೆ, ಅದು ಯಾಕೆ ಕುಗ್ಗುತ್ತದೆ? ಒಂದು ಹೊಲಿಗೆಯಲ್ಲಿ ಎರಡು ಸ್ವಭಾವದ ಬಟ್ಟೆ ಕಟ್ಟಿದೆ. ಒಂದು ಎಳೆಯಿತು, ಇನ್ನೊಂದು ಬಿಡಲಿಲ್ಲ. ಮುದುಡದೆ ಏನು ಮಾಡುತ್ತದೆ?

ಉಳಿದ ತುಂಡಿನಲ್ಲಿ ಆಮೇಲೆ ಪರೀಕ್ಷೆ ಮಾಡಿದೆ. ಹತ್ತಿಂಚು ಚೌಕ ಕತ್ತರಿಸಿ, ಬಿಸಿನೀರಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಟೇಪು ಹಿಡಿದೆ. ಉದ್ದ ಒಂಬತ್ತೂಕಾಲು, ಅಡ್ಡ ಒಂಬತ್ತೂ ಮುಕ್ಕಾಲು. ಇಷ್ಟು ಚಿಕ್ಕ ಕೆಲಸ. ಕತ್ತರಿಸುವ ಮೊದಲು ಮಾಡಿದ್ದರೆ ಏಳೂವರೆ ಮೀಟರ್ ಬಟ್ಟೆ, ನಾಲ್ಕು ದಿನ, ಅತ್ತೆಯ ಮಾತು ಎಲ್ಲ ಉಳಿಯುತ್ತಿತ್ತು. ಹಾಗಂತ ನೀವು ಲೆಕ್ಕ ಹಾಕಿ ಒಂದೂವರೆ ಇಂಚು ಜಾಸ್ತಿ ಬಿಟ್ಟು ಹೊಲಿಯಲು ಹೋಗಬೇಡಿ. ದಪ್ಪ ಕೈಮಗ್ಗ ಎರಡನೇ ಒಗೆತಕ್ಕೂ ಸ್ವಲ್ಪ ಕುಗ್ಗುತ್ತದೆ. ಪೂರ್ತಿ ಬಟ್ಟೆಯನ್ನೇ ಎರಡು ಸಲ ನೀರಿಗೆ ಹಾಕಿ. ಮಿಲ್ಲಿನ ಬಟ್ಟೆಯ ಮೇಲೆ ಸ್ಯಾನ್‌ಫೊರೈಸ್ಡ್ ಅಂತ ಇದ್ದರೆ ಅದು ಮೊದಲೇ ಕುಗ್ಗಿಸಿದ್ದು, ಅಷ್ಟು ಹೆದರಿಕೆ ಇಲ್ಲ. ಆದರೂ ನಾನು ನೀರಿಗೆ ಹಾಕುತ್ತೇನೆ. ಬಿಸಿ ತಾಗಿದವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ, ನಾನು ಆ ಜಾತಿ.

ಆ ಗಿಡ್ಡ ಲಂಗವನ್ನು ಕೆಳಗೆ ಬಿಡಿಸಿ ಉದ್ದ ಮಾಡೋಣ ಅಂದರೆ ಮಡಿಕೆಯಲ್ಲಿ ಇದ್ದದ್ದೇ ಒಂದೂವರೆ ಇಂಚು. ಅದನ್ನು ಬಿಡಿಸಿದರೆ ಅಂಚು ಮಡಚಲು ಏನೂ ಉಳಿಯುವುದಿಲ್ಲ. ಕೊನೆಗೆ ಹಾಳೆಯನ್ನೇ ಕಿತ್ತು ಬಿಸಾಡಿದೆ. ಪ್ಲೀಟ್ ಎಲ್ಲ ಬಿಚ್ಚಿ, ಬಟ್ಟೆಯನ್ನು ಚಪ್ಪಟೆ ಮಾಡಿ, ಮೂರು ಬೇರೆ ಬೇರೆ ತುಂಡಾಗಿ ಹೊಲಿದೆ. ಅದನ್ನು ಮಂಚದ ಹೊರಗೆ ಅಲ್ಲ, ಬದಿ ಹಲಗೆಯ ಒಳಮೈಗೆ ವೆಲ್ಕ್ರೋದಲ್ಲಿ ಅಂಟಿಸಿದೆ. ಇಳಿತ ಹಲಗೆಯ ಕೆಳಗಿಂದ ಮಾತ್ರ ಬೇಕಾದ್ದರಿಂದ ಗಿಡ್ಡ ಬಟ್ಟೆಯೂ ಸಾಕಾಯಿತು. ಕೆತ್ತನೆ ಹೊರಗೆ ಕಂಡಿತು. ಬಂದವರು ಹೊಗಳಿದ್ದು ಕೆತ್ತನೆಯನ್ನು, ಲಂಗ ಅಲ್ಲಿ ಇತ್ತು ಅಂತ ಯಾರೂ ಗಮನಿಸಿಯೇ ಇಲ್ಲ!

ಹಾಗಾಗಿ ನಿಮ್ಮ ಪ್ರಶ್ನೆಗೆ: ಎರಡೂ ಬೇಡ. ಫ್ರಿಲ್ ತೊಟ್ಟಿಲಿಗೆ ಚಂದ, ದೊಡ್ಡವರ ಮಂಚಕ್ಕೆ ಹಾಕಿದರೆ ಮಗುವಿನ ಫ್ರಾಕ್ ತೊಡಿಸಿದ ಹಾಗೆ ಕಾಣುತ್ತದೆ. ಬಾಕ್ಸ್ ಪ್ಲೀಟ್ ಧೂಳು ತುಂಬುವ ಚೀಲ, ಒಂದೊಂದಕ್ಕೂ ಇಸ್ತ್ರಿ ಹಾಕುವ ಪುರುಸೊತ್ತು ಯಾರಿಗಿದೆ? ಚಪ್ಪಟೆ ಬಟ್ಟೆಯೇ ಸಾಕು. ಬಟ್ಟೆಯನ್ನು ಉದ್ದಕ್ಕೆ ಕತ್ತರಿಸಿದರೆ ನಡುವೆ ಜೋಡಣೆಯೂ ಬರುವುದಿಲ್ಲ. 48 ಇಂಚು ಪನ್ನದಲ್ಲಿ ಎರಡು ಬದಿಯ ತುಂಡು ಅಕ್ಕಪಕ್ಕ ಬರುತ್ತದೆ, ಕಾಲಿನ ಕಡೆಯದ್ದು ಮುಂದೆ. ಕುಗ್ಗುವುದನ್ನೂ ಸೇರಿಸಿ ನಾಲ್ಕೂವರೆ ಮೀಟರಿನಲ್ಲಿ ಮುಗಿಯುತ್ತದೆ, ನನ್ನ ಏಳೂವರೆ ಬೇಡ.

ಮೂಲೆ ಬಿಗಿಯಾಗಿ ಕೂರಬೇಕು ಅಂದಿರಲ್ಲ, ಅದೂ ಬೇಡ. ಮಂಚದ ಕಾಲು ಇರುವಲ್ಲಿ ಬಟ್ಟೆಯನ್ನು ಸುತ್ತಿಸಿ ಹೊಲಿದರೆ ಟ್ರಂಕು ಎಳೆಯುವಾಗ ಮೊದಲು ಹರಿಯುವುದು ಅಲ್ಲೇ. ಪ್ರತಿ ತುಂಡನ್ನೂ ಕಾಲಿನ ಹಿಂದಕ್ಕೆ ಮೂರಿಂಚು ಹೋಗುವಷ್ಟು ಉದ್ದ ಬಿಡಿ. ಸಂದಿ ಕಾಣುತ್ತದೆ ಅಂತಾದರೆ ಒಳಗಿನಿಂದ ಎಂಟಿಂಚು ಅಗಲದ ಒಂದು ಬೇರೆ ತುಂಡು ತೂಗುಬಿಡಿ. ಹೊರಗಿಂದ ನೋಡಿದವರಿಗೆ ಬಿಗಿ ಮೂಲೆಯೇ. ವೆಲ್ಕ್ರೋದ ಮುಳ್ಳಿನ ಪಟ್ಟಿ ಮರಕ್ಕೆ, ಮೆತ್ತನೆಯದ್ದು ಬಟ್ಟೆಗೆ. ತಿರುಗಿಸಿ ಹಾಕಿದರೆ ಒಗೆಯುವಾಗ ಮುಳ್ಳು ಉಳಿದ ಬಟ್ಟೆಯನ್ನೆಲ್ಲ ಹಿಡಿದು ಎಳೆಯುತ್ತದೆ. ಮರಕ್ಕೆ ಬರೀ ಅಂಟು ನಂಬಬೇಡಿ, ನಮ್ಮ ಮಳೆಗೆ ಅದು ಬಿಡುತ್ತದೆ, ಸಣ್ಣ ಮೊಳೆ ಹೊಡೆಸಿ. ಇಳಿತವನ್ನು ಎರಡು ಮೂಲೆ, ನಡುವೆ, ಮೂರೂ ಕಡೆ ಅಳೆಯಿರಿ. ನೆಲ ಸಮ ಅಂತ ಯಾರು ಹೇಳಿದರೂ ನಂಬಬೇಡಿ.

ಇನ್ನೊಂದು, ನೆಲ ಮುಟ್ಟಿಸಲೇಬೇಡಿ. ಎರಡಿಂಚು ಮೇಲೆ ನಿಲ್ಲಲಿ. ಮೊದಲ ಲಂಗ ನೆಲಕ್ಕೆ ತಾಗಿದ್ದರಿಂದ ಒಳಗೆ ಗಾಳಿ ಆಡಲಿಲ್ಲ. ಚೆಂಡೆಯ ಚರ್ಮಕ್ಕೆ ಬಿಳಿ ಬೂಷ್ಟು ಬಂದು, ನಮ್ಮವರು ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ವರ್ಷಕ್ಕೆ ಮೂರುಸಾವಿರ ಮಿಲಿಮೀಟರ್ ಮೇಲೆ ಮಳೆ ಸುರಿಯುವ ಊರಿನಲ್ಲಿ ಮಂಚದಡಿಯನ್ನು ಮುಚ್ಚಿಡುವುದೇ ಒಂದು ಹುಚ್ಚು. ಈಗ ಜೂನ್ ಬಂದರೆ ಮೂರೂ ತುಂಡು ಕಿತ್ತು, ಒಗೆದು, ಮಡಚಿ ಕಪಾಟಿನಲ್ಲಿ ಇಡುತ್ತೇನೆ. ಹಾಕುವುದು ನವರಾತ್ರಿಗೆ. ಚೆಂಡೆ ಈಗ ಚಾವಡಿಯ ಗೋಡೆಯಲ್ಲಿ ತೂಗುತ್ತಿದೆ.

ನಿಮ್ಮ ಮಂಚದ ಬದಿ ಹಲಗೆ ಎಷ್ಟು ಅಗಲ, ಒಳಮೈ ಮರದ್ದೋ ಪ್ಲೈಯದ್ದೋ ಅಂತ ತಿಳಿಸಿ. ಪ್ಲೈಯಾದರೆ ಮೊಳೆ ಬೇಡ, ಬೇರೆ ದಾರಿ ಹೇಳುತ್ತೇನೆ. ಅಷ್ಟರೊಳಗೆ ಬಟ್ಟೆ ತಂದಿದ್ದರೆ ಇವತ್ತೇ ಬಕೆಟಿಗೆ ಹಾಕಿ.